ದಾಸವಾಳದ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತಿದೆ, ಔಷಧಿ ಹೊಡೆದರೂ ಕಮ್ಮಿಯಾಗ್ತಿಲ್ಲ

ಒಣನೆಲ:
ಮಳೆ ಕಡಿಮೆ ಇರುವ ಜಾಗ, ಬೇಸಿಗೆ ಬಂತೆಂದರೆ ಗಾಳಿಯೂ ಒಣ, ಧೂಳಂತೂ ಕೇಳಲೇಬೇಡಿ. ದಾಸವಾಳದ ಎಲೆ ಮೇಲೆ ಮೊದಲು ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕೆ ಬರುತ್ತದೆ, ಆಮೇಲೆ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಉದುರುತ್ತದೆ. ಕುಡಿಗಳಲ್ಲಿ ಹತ್ತಿ ಅಂಟಿಸಿದಂತೆ ಬೆಳ್ಳಗೆ ಏನೋ ಇದೆ, ಕಾಂಡದ ತುಂಬ ಇರುವೆ. ಬೇವಿನ ಎಣ್ಣೆ ಹೊಡೆದೆ, ಉಪಯೋಗ ಆಗಲಿಲ್ಲ. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಹೊಡೆದರೆ ಎಲ್ಲ ಒಟ್ಟಿಗೆ ಹೋಗುತ್ತವೆ ಅಂತಾರೆ, ಹೌದಾ?

ಹಸಿರುಬೇಲಿ:
ಸ್ವಲ್ಪ ತಡೆಯಿರಿ. ನಿಮ್ಮ ಗಿಡಕ್ಕೆ ಎರಡು ಬೇರೆ ಬೇರೆ ಕಾಟ ಇದ್ದ ಹಾಗಿದೆ. ಹತ್ತಿಯಂತಿರುವುದು ಹಿಟ್ಟು ತಿಗಣೆ. ಚುಕ್ಕೆ ನೋಡಿದರೆ ಜೇಡ ನುಸಿ ಅನ್ನಿಸುತ್ತದೆ. ಒಂದು ಬಿಳಿ ಹಾಳೆ ಹಿಡಿದು ಎಲೆಯನ್ನು ಅದರ ಮೇಲೆ ಬಡಿಯಿರಿ, ಧೂಳಿನ ಕಣದಷ್ಟು ಸಣ್ಣ ಚುಕ್ಕೆಗಳು ಓಡಾಡಿದರೆ ನುಸಿಯೇ.

ನುಸಿ ಕೀಟವೇ ಅಲ್ಲ, ಎಂಟು ಕಾಲಿನದು, ಜೇಡದ ಬಳಗ. ಇಮಿಡಾಕ್ಲೋಪ್ರಿಡ್‌ಗೆ ಅದು ಜಗ್ಗುವುದಿಲ್ಲ. ನುಸಿಯನ್ನು ತಿನ್ನುವ ಹುಳುಗಳು ಮಾತ್ರ ಸಾಯುತ್ತವೆ, ಹಾಗಾಗಿ ಹೊಡೆದ ಮೇಲೆ ನುಸಿ ಇನ್ನೂ ಜಾಸ್ತಿ ಆಗುವುದುಂಟು. ಹೂ ಬಿಟ್ಟಿರುವ ಗಿಡಕ್ಕೆ ಅದನ್ನು ಹಾಕಿದರೆ ಜೇನ್ನೊಣಕ್ಕೂ ವಿಷ.

ಒಣ ಸೆಕೆಯಲ್ಲಿ ನುಸಿ ಮೊಟ್ಟೆಯಿಂದ ದೊಡ್ಡದಾಗಲು ಒಂದು ವಾರ ಸಾಕು. ಎಲೆ ಮೇಲೆ ಧೂಳು ಕೂತರೆ ನುಸಿಯನ್ನು ತಿನ್ನುವ ಹುಳುಗಳಿಗೆ ಬೇಟೆ ಕಷ್ಟ. ಅದಕ್ಕೇ ನಾನು ಮೊದಲು ಹೇಳುವುದು ನೀರು. ಬೆಳಗ್ಗೆ ಪೈಪ್ ಹಿಡಿದು ಎಲೆಯ ಅಡಿಭಾಗಕ್ಕೆ ರಭಸವಾಗಿ ಬಿಡಿ, ಎರಡು ಮೂರು ದಿನಕ್ಕೊಮ್ಮೆ. ಬುಡಕ್ಕೂ ಚೆನ್ನಾಗಿ ನೀರು ಕೊಡಿ, ಬಾಯಾರಿದ ಗಿಡವನ್ನೇ ನುಸಿ ಬೇಗ ಸೋಲಿಸುವುದು.

ಮಣ್ಣುಕೈ:
ನೀರಿನ ಮಾತು ಒಪ್ಪುತ್ತೇನೆ, ಆದರೆ ಬೇವಿನ ಎಣ್ಣೆಯನ್ನು ಸುಮ್ನೆ ಬಿಟ್ಟುಬಿಡಬೇಡಿ. ಹೊಡೆಯುವ ರೀತಿ ಸರಿ ಇರಬೇಕು ಅಷ್ಟೇ. ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಬೆರೆಯುವುದಕ್ಕೆ ಸ್ವಲ್ಪ ಸೋಪಿನ ನೀರು. ಎಲೆ ಮೇಲೆ ಮಾತ್ರ ಬಿದ್ದರೆ ದಂಡ, ಹುಳ ಇರುವುದು ಅಡಿಯಲ್ಲಿ. ಮೊಟ್ಟೆಗಳು ಉಳಿದುಕೊಳ್ಳುತ್ತವೆ, ವಾರ ಬಿಟ್ಟು ಮತ್ತೆ ಹೊಡೆಯಿರಿ. ಬಿಸಿಲು ಇಳಿದ ಮೇಲೆ, ಹಿಂದಿನ ದಿನ ಗಿಡಕ್ಕೆ ನೀರು ಕೊಟ್ಟು ಹೊಡೆಯಿರಿ. 32 ಡಿಗ್ರಿ ದಾಟಿದ್ದರೆ ಬೇಡವೇ ಬೇಡ, ಎಲೆ ಸುಟ್ಟು ಹೋಗುತ್ತದೆ, ಆಮೇಲೆ ಅದನ್ನೂ ರೋಗ ಅಂದುಕೊಂಡು ಇನ್ನೊಂದು ಔಷಧಿ ತರ್ತೀರಿ. ನುಸಿಗೆ ಗಂಧಕ ಕೂಡ ಆಗುತ್ತದೆ, ಆದರೆ ಎಣ್ಣೆ ಹೊಡೆದು ಎರಡು ವಾರವಾದರೂ ಕಳೆದಿರಬೇಕು.

ಬೇರುಬಿಳಲು:
ಇರುವೆ ಬಗ್ಗೆ ಯಾರೂ ಹೇಳಲೇ ಇಲ್ಲ! ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ತಿನ್ನಲು ಬಂದ ಹುಳುಗಳನ್ನು ಓಡಿಸುತ್ತದೆ. ಕಾಂಡಕ್ಕೆ ಟೇಪ್ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ, ತೊಗಟೆಗೆ ನೇರವಾಗಿ ಬೇಡ. ಗೋಡೆಗೆ ತಾಗುವ ರೆಂಬೆ ಕತ್ತರಿಸಿ, ಇಲ್ಲದಿದ್ದರೆ ಆ ದಾರಿಯಲ್ಲಿ ಹತ್ತುತ್ತವೆ. ತಿಗಣೆ ತುಂಬಿದ ಕುಡಿಯನ್ನೂ ಕತ್ತರಿಸಿ ಕವರಿನಲ್ಲಿ ಕಟ್ಟಿ ಬಿಸಾಡಿ. ಸದ್ಯಕ್ಕೆ ಯೂರಿಯಾ ಹಾಕಬೇಡಿ, ಎಳೆ ಚಿಗುರು ಜಾಸ್ತಿ ಬಂದಷ್ಟೂ ತಿಗಣೆಗೆ ಹಬ್ಬ.

ಒಣನೆಲ:
ಹಾಳೆ ಮೇಲೆ ಬಡಿದೆ, ಕೆಂಪು ಚುಕ್ಕೆಗಳು ಓಡಾಡಿದವು. ಇನ್ನೊಂದು, ತಿಗಣೆ ಗುಂಪಿನಲ್ಲಿ ಮೈಯೆಲ್ಲ ಬಿಳಿ ಎಳೆ ಇರುವ ದೊಡ್ಡ ಹುಳ ಇದೆ, ಚುರುಕಾಗಿ ಓಡುತ್ತದೆ. ತಾಯಿ ತಿಗಣೆನಾ? ಹೊಸಕಿ ಹಾಕಲಾ?

ಹಸಿರುಬೇಲಿ:
ಬೇಡ ಬೇಡ! ತಿಗಣೆ ಅಷ್ಟು ಜೋರಾಗಿ ಓಡುವುದಿಲ್ಲ. ಅದು ಕ್ರಿಪ್ಟೊಲೀಮಸ್ ಅನ್ನುವ ಗುಲಗಂಜಿ ಹುಳುವಿನ ಮರಿ ಇರಬೇಕು, ನೋಡಲು ತಿಗಣೆಯಂತೆಯೇ, ತಿನ್ನುವುದೂ ತಿಗಣೆಯನ್ನೇ. ಆ ಕುಡಿಗಳನ್ನು ಕತ್ತರಿಸಬೇಡಿ, ಎಣ್ಣೆಯೂ ಬೇಡ. ಇರುವೆ ತಡೆಯಿರಿ, ಉಳಿದ ರೆಂಬೆಗಳಿಗೆ ನೀರು ಹೊಡೆಯಿರಿ.