ಮಗಳ ತಲೇಲಿ ದುಂಡಗೆ ಕೂದ್ಲು ಹೋಗಿದೆ, ಹುಳ ತಿಂದಿದೆ ಅಂತಾರೆ, ನಿಜಾನಾ?

ಹಾಸನದಮ್ಮ: ಮಗಳಿಗೆ 8 ವರ್ಷ. ನಿನ್ನೆ ಜಡೆ ಹಾಕ್ತಾ ನೋಡಿದ್ರೆ ಕಿವಿ ಹಿಂದೆ ಐದು ರೂಪಾಯಿ ಕಾಯಿನ್ ಅಷ್ಟಗಲ ಒಂದೂ ಕೂದ್ಲಿಲ್ಲ, ಚರ್ಮ ನುಣ್ಣಗಿದೆ, ತುರಿಕೆನೂ ಇಲ್ವಂತೆ. ಅತ್ತೆ ಹುಳ ತಿಂದಿದೆ ಬೆಳ್ಳುಳ್ಳಿ ಉಜ್ಜು ಅಂತಿದಾರೆ, ನಂಗ್ಯಾಕೋ ಭಯ ಆಗ್ತಿದೆ.

ಗದಗಿನಾಂವ: ಹಚ್ರಿ ಅಕ್ಕಾರ. ನಮ್ಮ ಓಣ್ಯಾಗ ಉಳ್ಳಾಗಡ್ಡಿ ರಸ ಹಚ್ಚಿ ಕೂದ್ಲ ಬಂದವ್ರನ್ನ ಕಣ್ಣಾರೆ ನೋಡೀನಿ, ಹಿರ್ಯಾರು ಸುಮ್ನ ಹೇಳೂದಿಲ್ರಿ.

ಸ್ಕಿನ್ ಪಿಜಿ: ಬಂದಿರುತ್ತೆ ಸರ್, ಇಲ್ಲ ಅನ್ನಲ್ಲ. ಆದ್ರೆ ನುಣ್ಣಗಿರೋ ಪ್ಯಾಚ್ ಹೆಚ್ಚಾಗಿ ಅಲೋಪೇಷಿಯಾ ಏರಿಯೇಟಾ, ಅಂದ್ರೆ ನಮ್ಮ ರೋಗನಿರೋಧಕ ಶಕ್ತಿನೇ ಕೂದಲ ಬುಡದ ಮೇಲೆ ಬೀಳೋದು, ಅಲ್ಲಿ ಯಾವ ಹುಳಾನೂ ಇರಲ್ಲ. ಒಂದೆರಡು ಸಣ್ಣ ಪ್ಯಾಚ್ ಇದ್ರೆ ಎಷ್ಟೋ ಜನಕ್ಕೆ ಏನೂ ಹಚ್ಚದೇನೆ ಕೆಲವು ತಿಂಗಳಲ್ಲಿ ಕೂದ್ಲು ವಾಪಸ್ ಬರುತ್ತೆ, ಆಗ ಏನು ಹಚ್ಚಿರ್ತೀವೋ ಅದಕ್ಕೇ ಹೆಸರು ಬರೋದು. ಹಸಿ ಬೆಳ್ಳುಳ್ಳಿ ಉಜ್ಜಿದ್ರೆ ಮಕ್ಕಳ ಚರ್ಮ ಸುಟ್ಟು ಬೊಬ್ಬೆ ಬರಬಹುದು, ದಯವಿಟ್ಟು ಬೇಡ.

ಶಿರಸಿ ಮಾಣಿ: ತಾನಾಗೇ ಬರುತ್ತೆ ಅಂತ ಕೂರೋದೂ ತಪ್ಪು. ನಮ್ಮಣ್ಣನ ಮಗನಿಗೆ ಹೊಟ್ಟು ಏಳ್ತಿತ್ತು, ಕೂದ್ಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿ ಥರ ಕಾಣ್ತಿತ್ತು, ಅದು ಫಂಗಸ್. ಮೆಡಿಕಲ್ ಶಾಪ್ ಕ್ರೀಮಿಗೆ ಬಗ್ಗಲಿಲ್ಲ, ಅಷ್ಟ್ರಲ್ಲಿ ಅದೇ ಬಾಚಣಿಗೆಯಿಂದ ತಂಗಿಗೂ ಹತ್ತಿತ್ತು.

ಸ್ಕಿನ್ ಪಿಜಿ: ಇದು ಸರಿಯಾದ ಮಾತು. ತಲೆ ಫಂಗಸ್ ಕೂದಲೊಳಗೇ ಇರುತ್ತೆ, ಕ್ರೀಮ್ ಅಲ್ಲಿವರೆಗೆ ಹೋಗಲ್ಲ, ವಾರಗಟ್ಟಲೆ ಹೊಟ್ಟೆಗೇ ಔಷಧಿ ಬೇಕು. ಸ್ಟೆರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಿದ್ರಂತೂ ಮೇಲೆ ಕಮ್ಮಿ ಆದಂಗೆ ಕಂಡು ಒಳಗೆ ಹಬ್ಬುತ್ತೆ. ಅದಕ್ಕೇ ಮೊದ್ಲು ಚರ್ಮ ನೋಡ್ಬೇಕು ಅನ್ನೋದು: ಹೊಟ್ಟು, ತುರಿಕೆ ಇದ್ಯೋ, ನುಣ್ಣಗಿದ್ಯೋ.

ಗದಗಿನಾಂವ: ಆತು, ಬೆಳ್ಳುಳ್ಳಿ ಬ್ಯಾಡ. ಆದ್ರ ನಮ್ಮ ಅಕ್ಕನ ಮಗಳಿಗೆ ಹಣಿ ಮ್ಯಾಲ ಎರಡೂ ಬಾಜೂ ಕೂದ್ಲ ಹಿಂದ ಸರದಾವ, ಅದಕ್ಕೇನಂತೀರಿ?

ಮೈಸೂರ್ ಟೀಚರ್: ಬಿಗಿಯಾಗಿ ಎಳೆದು ಜಡೆ ಹಾಕ್ತಾರಾ? ನಮ್ಮ ಸ್ಕೂಲಲ್ಲಿ ಎರಡು ಜಡೆ ರಿಬ್ಬನ್ ರೂಲ್ ಇದೆ, ಸುಮಾರು ಮಕ್ಕಳಿಗೆ ಹಿಂಗಾಗಿದೆ. ಈ ರೂಲ್ ತೆಗೀರಿ ಅಂತ ಮೀಟಿಂಗಲ್ಲಿ ಕೇಳ್ತಾನೇ ಇದೀನಿ.

ಸ್ಕಿನ್ ಪಿಜಿ: ಹೌದು ಮೇಡಂ, ಬೇಗ ಸಡಿಲ ಮಾಡಿದ್ರೆ ಬರುತ್ತೆ, ವರ್ಷಗಟ್ಟಲೆ ಎಳೆದ್ರೆ ಬುಡಾನೇ ಹೋಗಿಬಿಡುತ್ತೆ. ಹಾಸನದವ್ರೇ, ಒಂದ್ಸಲ ಚರ್ಮದ ಡಾಕ್ಟರಿಗೆ ತೋರಿಸಿ. ಹೊಸ ಕೂದ್ಲು ಮೊದ್ಲು ಬೆಳ್ಳಗೆ ಬಂದ್ರೆ ಗಾಬರಿಯಾಗಿ ಕೀಳಬೇಡಿ, ಆಮೇಲೆ ಸಾಮಾನ್ಯವಾಗಿ ಕಪ್ಪಾಗುತ್ತೆ.