ಹೊಳೆ ನೀರು ಇಳಿದ ಮೇಲೆ ಚರ್ಚ್ ಕಡೆಯಿಂದ ಏನು ಮಾಡಬಹುದು? ಮಾಡಿ ಗೊತ್ತಿರೋರು ಹೇಳಿ

ಎಲ್ರಿಗೂ ನಮಸ್ಕಾರ. ನಾವು ಮೈಸೂರಿನ ಒಂದು ಚರ್ಚ್‌ನ ಯುವಕರ ಗುಂಪು. ಹೊಳೆ ತುಂಬಿ ನಂಜನಗೂಡು ಕಡೆ ಒಂದು ಹಳ್ಳೀಲಿ ಹತ್ತು ಹನ್ನೆರಡು ಮನೆಗೆ ನೀರು ನುಗ್ಗಿದೆ, ಅದ್ರಲ್ಲಿ ನಮ್ಮ ಚರ್ಚ್‌ಗೆ ಬರೋರು ಮೂರು ಕುಟುಂಬ ಅಷ್ಟೇ. ಭಾನುವಾರ ಪೂಜೆ ಆದ್ಮೇಲೆ ಕಾಣಿಕೆ ಎತ್ತಿದೀವಿ, ಅಕ್ಕಿ, ಬಟ್ಟೆ ಎಲ್ಲಾ ಬಂದಿದೆ. ಮುಂದೆ ಹೇಗೆ ಮಾಡೋದು, ಯಾರಿಗೆ ಏನು ಕೊಡೋದು ಗೊತ್ತಾಗ್ತಿಲ್ಲ.

ನಂಜನಗೂಡಿಂದ

ತಮ್ಮಾ, ಮೊದಲು ಒಂದು ಮಾತು, ಆ ಮೂರು ಮನೆ ನಮ್ಮೋರು ಮಿಕ್ಕಿದ್ದು ಬೇರೆಯೋರು ಅಂತ ಲೆಕ್ಕ ಹಾಕ್ಬೇಡಿ, ನೀರು ಹಂಗೆ ನೋಡ್ಕೊಂಡು ಬಂದಿಲ್ಲ. 2019ರ ಆಗಸ್ಟಲ್ಲಿ ಕಬಿನಿಯಿಂದ ಲಕ್ಷ ಕ್ಯೂಸೆಕ್ಸ್‌ಗಿಂತ ಜಾಸ್ತಿ ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಹತ್ರ ಊಟಿ ರೋಡೇ ಮುಳುಗಿ ಗಾಡಿ ಓಡಾಟ ನಿಂತೋಗಿತ್ತು. ಆವಾಗ ನಮ್ಮ ಫಾದರ್ ಮಾಡಿದ ಮೊದಲನೇ ಕೆಲಸ ಏನಂದ್ರೆ ಊರಿನ ಯಜಮಾನರನ್ನ ಹೋಗಿ ಮಾತಾಡ್ಸಿದ್ದು. ಅವ್ರೇ ಮಾರಿಗುಡಿ ಮುಂದಿನ ಜಗಲಿ ಬಿಟ್ಕೊಟ್ರು, ನಮ್ಮ ಸಿಸ್ಟರ್‌ಗಳೂ ಊರಿನ ಹೆಂಗಸ್ರೂ ಅಲ್ಲೇ ಒಲೆ ಹೂಡಿ ನಾಲ್ಕು ದಿನ ಅಡುಗೆ ಮಾಡಿದ್ರು. ಬ್ಯಾನರ್ ಕಟ್ಟಲಿಲ್ಲ, ಊಟ ಬಡಿಸೋವಾಗ ಫೋಟೋ ತೆಗೀಲಿಲ್ಲ. ನೀವೂ ತೆಗೀಬೇಡಿ.

ಇನ್ನು ಮನೆ ವಿಷ್ಯ, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ಮಣ್ಣಿನ ಗೋಡೆ ನೀರು ನಿಂತಿರೋವಾಗ ಮಾತ್ರ ಅಲ್ಲ, ನೀರು ಇಳಿದ ಮೇಲೂ ಬೀಳುತ್ತೆ, ಬುಡ ನೆಂದು ಮೆತ್ತಗಾಗಿರುತ್ತೆ, ಎರಡು ದಿನ ಬಿಸಿಲು ಬಿತ್ತು ಅಂತ ಒಳಗೆ ಹೋಗಿ ಮಲಗ್ತಾರೆ. ನಾವು ನೋಡ್ತಿದ್ದಂಗೇ ಮೂರನೇ ದಿನ ಮಧ್ಯಾಹ್ನ ಒಂದು ಗೋಡೆ ಶಬ್ದಾನೇ ಇಲ್ದೆ ಕುಸೀತು, ದೇವರ ದಯೆ ಆ ಮನೆ ಮಕ್ಕಳು ಊಟಕ್ಕೆ ಬಂದಿದ್ರು. ಗೋಡೆ ಬುಡ ಒಣಗಿ ಮೇಸ್ತ್ರಿ ಬಂದು ನೋಡೋವರ್ಗೂ ಯಾರನ್ನೂ ಒಳಗೆ ಮಲಗೋಕೆ ಬಿಡ್ಬೇಡಿ. ಶಾಲೆಯಲ್ಲೋ ಚರ್ಚ್ ಹಾಲಲ್ಲೋ ಇರಿಸ್ಕೊಳ್ಳಿ.

ಕೆಸರು ಎತ್ತೋಕೆ ಮುಂಚೆ ಪ್ರತಿ ಮನೇದೂ ಫೋಟೋ ತೆಗೆದಿಡಿ, ಇದು ಮಾತ್ರ ಬೇಕೇ ಬೇಕು. ಗೋಡೆ ಮೇಲೆ ನೀರು ನಿಂತ ಗುರುತು ಕಾಣ್ಬೇಕು. ಆ ವರ್ಷ ಸರ್ಕಾರ ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಣೆ ಮಾಡಿತ್ತು, ಆದ್ರೆ ಸರ್ವೆಗೆ ಬರೋಷ್ಟರಲ್ಲಿ ಪಾಪ ಜನ ಸಾರಿಸಿ ಗುಡಿಸಿ ಎಲ್ಲಾ ಕ್ಲೀನ್ ಮಾಡಿಬಿಟ್ಟಿದ್ರು. ಖಾತೆ ತಾತನ ಹೆಸರಲ್ಲೇ ಇರೋ ಮನೆಗಳದ್ದು, ಬಾಡಿಗೆಗೆ ಇರೋರದ್ದು ಇನ್ನೂ ಕಷ್ಟ. ನಿಮ್ಮ ಚರ್ಚಲ್ಲಿ ಆಫೀಸ್ ಕೆಲಸ ಗೊತ್ತಿರೋ ರಿಟೈರ್ಡ್ ಯಾರಾದ್ರೂ ಇದ್ದೇ ಇರ್ತಾರೆ, ಅವ್ರನ್ನ ಈ ಕೆಲಸಕ್ಕೆ ಹಾಕಿ. ನಮ್ಮಲ್ಲಿ ಒಬ್ಬರು ಹಿರಿಯರು ಮೂರು ತಿಂಗಳು ನಾಡಕಚೇರಿಗೂ ತಾಲೂಕು ಆಫೀಸಿಗೂ ಓಡಾಡಿದ್ರು. ನಾವು ಕೊಟ್ಟ ಅಕ್ಕಿ ಹದಿನೈದು ದಿನಕ್ಕೆ ಮುಗೀತು, ಅವ್ರು ಬರೆದುಕೊಟ್ಟ ಅರ್ಜಿಯಿಂದ ಮನೆ ಎದ್ದಿತು.

ಕಾಗದ ಪತ್ರ ನೆಂದಿದ್ರೆ ಬಿಸಿಲಿಗೆ ಹಾಕ್ಬೇಡಿ, ಸುರುಟಿ ಹೋಗುತ್ತೆ. ಒಬ್ಬರು ಅಜ್ಜಿ ರೇಷನ್ ಕಾರ್ಡು, ಪಾಸ್‌ಬುಕ್ಕು, ಸತ್ತುಹೋದ ಮಗನ ಫೋಟೋ ಮೂರನ್ನೂ ಒಂದೇ ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದ್ರು, ಒಳಗೆಲ್ಲಾ ನೀರು ಹೋಗಿ ಒಂದಕ್ಕೊಂದು ಅಂಟ್ಕೊಂಡಿತ್ತು. ನಮ್ಮ ಸಿಸ್ಟರ್ ಕೂತ್ಕೊಂಡು ಒಂದೊಂದೇ ಬಿಡಿಸಿ ನ್ಯೂಸ್ ಪೇಪರ್ ಮೇಲೆ ಹರಡಿ ಫ್ಯಾನ್ ಗಾಳೀಲಿ ಒಣಗಿಸಿದ್ರು. ಫೋಟೋದಲ್ಲಿ ಅರ್ಧ ಮುಖ ಉಳೀತು. ಅಜ್ಜಿ ಅದನ್ನ ಸೆರಗಲ್ಲಿ ಸುತ್ಕೊಂಡು ಸಿಸ್ಟರ್ ಕೈ ಹಿಡ್ಕೊಂಡು ಕೂತೇಬಿಟ್ರು.

ಹಳೇ ಬಟ್ಟೆ ಇನ್ನು ತಗೋಬೇಡಿ. 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸಿದಾಗ ನಾವು ಲಾರಿ ತುಂಬಾ ತಗೊಂಡು ಹೋಗಿದ್ವಿ, ಅಲ್ಲಿ ಆಗಲೇ ರಾಶಿ ಬಿದ್ದಿತ್ತು. ಅವ್ರು ಕೇಳ್ತಿದ್ದಿದ್ದು ಒಳಬಟ್ಟೆ, ಪ್ಯಾಡು, ಬಕೆಟ್ಟು, ಚಾಪೆ, ಟಾರ್ಪಾಲು.

ಶ್ರೀರಂಗಪಟ್ಟಣದಿಂದ

ಮೇಲೆ ಹೇಳಿರೋದೆಲ್ಲಾ ಸರಿ. ಒಂದು ಬಿಟ್ಟೋಗಿದೆ ಕಣ್ರಪ್ಪಾ, ದನ. ಕೆಆರ್‌ಎಸ್ ತುಂಬಿ ನೀರು ಬಿಟ್ಟಾಗೆಲ್ಲಾ ನಮ್ ಕಡೆ ಹೊಳೆ ದಡದ ಮೆದೆ ನೆಂದು ಹುಲ್ಲು ಮುಗ್ಗಿ ಹೋಗುತ್ತೆ, ದನ ತಿನ್ನಲ್ಲ, ತಿಂದ್ರೂ ಕಾಯಿಲೆ. ಮನೆಯೋರಿಗೆ ಊಟ ಇದ್ದು ಹಸುಗೆ ಮೇವಿಲ್ಲ ಅಂದ್ರೆ ಬಂದ ಬೆಲೆಗೆ ಮಾರಿಬಿಡ್ತಾರೆ, ಆಮೇಲೆ ಡೈರಿಗೆ ಹಾಕೋ ಹಾಲಿನ ದುಡ್ಡೂ ಹೋಯ್ತು. ನಮ್ಮ ಚರ್ಚಿನೋರು ಮಂಡ್ಯದ ಸಭೆಯೋರ ಹತ್ರ ಕೇಳಿ ಎರಡು ಟ್ರ್ಯಾಕ್ಟರ್ ಒಣಹುಲ್ಲು ಹೊಡೆಸಿದ್ರು, ಒಂದು ಹಸುನೂ ಸಂತೆಗೆ ಹೋಗ್ಲಿಲ್ಲ. ಬೆಳೆ ಹೋಗಿದ್ರೆ ಅದಕ್ಕೆ ಅರ್ಜಿ ಬೇರೆ, ಮನೆ ಅರ್ಜಿ ಜೊತೆ ಸೇರಿಸ್ಬೇಡಿ.

ಮೈಸೂರಿಂದ, ನಾನು ನರ್ಸ್

ಕೆಸರಲ್ಲಿ ಬರಿಗಾಲಲ್ಲಿ ಇಳೀಬೇಡಿ, ಕಾಲಲ್ಲಿ ಗಾಯ ಇದ್ರಂತೂ ಬೇಡವೇ ಬೇಡ, ಇಲಿಜ್ವರ ಬರುತ್ತೆ. ಬೂಟು, ಗ್ಲೌಸು ಹಾಕ್ಕೊಳ್ಳಿ. ಆಮೇಲೆ ಜ್ವರ ಬಂದು ಮೀನಖಂಡ ನೋಯೋಕೆ ಶುರುವಾದ್ರೆ ಮನೇಲಿ ಮಾತ್ರೆ ನುಂಗ್ಕೊಂಡು ಕೂತ್ಕೋಬೇಡಿ, ಡಾಕ್ಟ್ರಿಗೆ ಪ್ರವಾಹದ ನೀರಲ್ಲಿ ಕೆಲಸ ಮಾಡಿದ್ವಿ ಅಂತ ಬಾಯಿಬಿಟ್ಟು ಹೇಳಿ. ಕುಡಿಯೋ ನೀರು ಕುದಿಸಿಯೇ ಕುಡೀಲಿ.

ಕೇಳಿದವರು

ಅಣ್ಣ, ಅಕ್ಕ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಬಟ್ಟೆ ಮೂಟೆ ಇಲ್ಲೇ ಬಿಟ್ಟು ನಾಳೆ ಬೆಳಿಗ್ಗೆ ಟಾರ್ಪಾಲು, ಬಕೆಟ್ಟು, ಹಳೇ ನ್ಯೂಸ್ ಪೇಪರ್ ತಗೊಂಡು ಹೋಗ್ತಿದೀವಿ, ಮೊದಲು ಯಜಮಾನರ ಮನೆಗೇ ಹೋಗ್ತೀವಿ. ಶ್ರೀರಂಗಪಟ್ಟಣದವ್ರೇ, ಹತ್ತು ಹಸುಗೆ ಒಂದು ತಿಂಗಳಿಗೆ ಹುಲ್ಲು ಎಷ್ಟು ಬೇಕಾಗುತ್ತೆ ಅಂತ ಹೇಳ್ತೀರಾ?