2009ರ ಮತದಾನದ ನಂತರವೂ ಇಎಲ್‌ಸಿಎ ಒಟ್ಟಿಗೆ ಉಳಿದದ್ದು ಹೇಗೆ?

ಓದುಗ_ಮಂಗಳೂರು:
ಅಮೆರಿಕದ ಇವ್ಯಾಂಜೆಲಿಕಲ್ ಲುಥರನ್ ಚರ್ಚ್ (ಇಎಲ್‌ಸಿಎ) 2009ರ ಆಗಸ್ಟಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೇರಿ, ಲೈಂಗಿಕತೆಯ ಕುರಿತ ಹೇಳಿಕೆಯನ್ನು 676–338 ಮತಗಳಿಂದ ಅಂಗೀಕರಿಸಿತು. ಬೇಕಿದ್ದದ್ದು ಮೂರರಲ್ಲಿ ಎರಡು ಪಾಲು. 1014 ಮತಗಳಲ್ಲಿ ಅದು ಸರಿಯಾಗಿ 676! ಒಬ್ಬರು ಮನಸ್ಸು ಬದಲಿಸಿದ್ದರೂ ಬಿದ್ದುಹೋಗುತ್ತಿತ್ತು. ಇಷ್ಟು ಅಂಚಿನಲ್ಲಿ ಗೆದ್ದ ಮೇಲೂ ಹತ್ತು ಸಾವಿರದಷ್ಟು ಸಭೆಗಳಲ್ಲಿ (ಸ್ಥಳೀಯ ಚರ್ಚ್‌ಗಳಲ್ಲಿ) ಬಹುಪಾಲು ಅಲ್ಲೇ ಉಳಿದವು. ಒಪ್ಪದವರ ಮನಸ್ಸಾಕ್ಷಿಯನ್ನೂ ಗೌರವಿಸಬೇಕು ಎಂಬ ‘ಬಂಧಿತ ಮನಸ್ಸಾಕ್ಷಿ’ಯ ಮಾತು ಸಭೆಯ ಮಟ್ಟದಲ್ಲಿ ನಿಜಕ್ಕೂ ಏನು ಮಾಡಿತು? ಹೊರಹೋಗುವವರಿಗೆ ಯಾವ ನಿಯಮವಿತ್ತು?

ಹಳೇ_ಕಡತ:
ಮತದಾನದ ಕ್ರಮವನ್ನು ಮೊದಲು ಗಮನಿಸಿ. ಹೇಳಿಕೆ ಪಾಸಾದದ್ದು 19ರಂದು. ಸಭಾಪಾಲಕರ (ಪಾಸ್ಟರ್‌ಗಳ) ಅರ್ಹತೆಯ ನಿರ್ಣಯಗಳು ಬಂದದ್ದು 21ರಂದು. ಅವುಗಳಲ್ಲಿ ಮೊದಲು ಮತಕ್ಕೆ ಹಾಕಿದ್ದು, ಒಬ್ಬರ ಭಾರವನ್ನು ಒಬ್ಬರು ಹೊತ್ತು ಎಲ್ಲರ ಮನಸ್ಸಾಕ್ಷಿಯನ್ನು ಗೌರವಿಸುತ್ತೇವೆ ಎಂಬ ನಿರ್ಣಯವನ್ನು. ಅದಕ್ಕೆ 771–230. ಸಲಿಂಗ ಸಂಗಾತಿಯೊಂದಿಗೆ ಬಾಳ್ವಿಕೆಯ ನಿಷ್ಠೆಯಲ್ಲಿರುವವರು ಸಭಾಪಾಲಕರಾಗಬಹುದು ಎಂಬ ನಿರ್ಣಯ ಅದರ ನಂತರ ಬಂತು, ಸಿಕ್ಕಿದ್ದು 559–451. ಒಪ್ಪದವರಿಗೆ ಮಾತು ಕೊಟ್ಟ ಮೇಲೇ ನೀತಿ ಬದಲಾಯಿಸಿದರು. ಈ ಕ್ರಮ ತಿರುವುಮುರುವಾಗಿದ್ದರೆ ಆ ಮಾತಿಗೆ ಸಮಾಧಾನ ಹೇಳಿದಷ್ಟೇ ಬೆಲೆ ಇರುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

‘ಬಂಧಿತ ಮನಸ್ಸಾಕ್ಷಿ’ ಎಂಬ ಪದದ ಬೇರು 1521ರಲ್ಲಿ ಜರ್ಮನಿಯ ವರ್ಮ್ಸ್‌ನಲ್ಲಿ ಸಾಮ್ರಾಟನೆದುರು ನಡೆದ ವಿಚಾರಣೆಯಲ್ಲಿದೆ. ದೇವರ ವಾಕ್ಯಕ್ಕೆ ನನ್ನ ಮನಸ್ಸಾಕ್ಷಿ ಸೆರೆಯಾಗಿದೆ ಎಂದು ಲೂಥರ್ ಅಲ್ಲಿ ನಿಂತು ಹೇಳಿದ್ದು. ಜೊತೆಗೆ, ಭಿನ್ನಾಭಿಪ್ರಾಯವಿದ್ದರೂ ಒಬ್ಬರನ್ನೊಬ್ಬರು ತೀರ್ಪು ಮಾಡಬೇಡಿ ಎನ್ನುವ, ಬೈಬಲ್ಲಿನ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯ.

ಕೆಳಮಟ್ಟದಲ್ಲಿ ಕೆಲಸ ಮಾಡಿದ್ದು ಮಾತ್ರ ‘ಕರೆ’ಯ ಪದ್ಧತಿ. ನಮ್ಮ ಸಿಎಸ್‌ಐನಲ್ಲಿ (ದಕ್ಷಿಣ ಭಾರತ ಸಭೆ) ಸಭಾಪಾಲಕರ ವರ್ಗಾವಣೆ ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತ ಪ್ರಾಂತ್ಯದ ಕೈಯಲ್ಲಿದೆ. ಇಎಲ್‌ಸಿಎದಲ್ಲಿ ಬಿಷಪ್ ಹೆಸರು ಸೂಚಿಸಬಹುದು ಅಷ್ಟೇ. ಕರೆ ಕೊಡುವುದು ಸಭೆ, ಅದೂ ಮೂರರಲ್ಲಿ ಎರಡು ಪಾಲು ಮತದಿಂದ. ಹಾಗಾಗಿ ಒಪ್ಪದ ಸಭೆಯ ಮೇಲೆ ಯಾರನ್ನೂ ಹೇರುವ ದಾರಿಯೇ ಇರಲಿಲ್ಲ.

ನಿಯಮಾವಳಿ:
ಹೊರಹೋಗುವ ವಿಷಯ ಹೇಳುತ್ತೇನೆ. ಒಂದು ಭಾನುವಾರ ಕೈ ಎತ್ತಿ ಮುಗಿಸುವಂಥದ್ದಲ್ಲ. ನೋಟಿಸ್ ಕೊಟ್ಟು ಕರೆದ ವಿಶೇಷ ಸಭೆಯಲ್ಲಿ ಹಾಜರಿರುವ ಮತದಾರ ಸದಸ್ಯರ ಮೂರರಲ್ಲಿ ಎರಡು ಪಾಲು ಬೇಕು. ನಿರ್ಣಯದ ಪ್ರತಿಯನ್ನು ಸಿನಡ್‌ನ (ಇಎಲ್‌ಸಿಎಯ ಪ್ರಾದೇಶಿಕ ಘಟಕದ) ಬಿಷಪ್ಪರಿಗೆ ಕಳಿಸಬೇಕು. ಆಮೇಲೆ ಕನಿಷ್ಠ 90 ದಿನ ಅವರೊಂದಿಗೆ ಸಮಾಲೋಚನೆ. ಅದಾದ ಮೇಲೆ ಎರಡನೇ ವಿಶೇಷ ಸಭೆ, ಮತ್ತೆ ಅಷ್ಟೇ ಬಹುಮತ.

ಎಡವುವುದು ‘ಹಾಜರಿರುವ’ ಎಂಬ ಪದದಲ್ಲಿ. 120 ಜನ ಬಂದಿದ್ದರೆ 80 ಮತ ಬೇಕು. 78 ಪರ, 32 ವಿರೋಧ, 10 ಖಾಲಿ ಚೀಟಿ ಬಂದರೆ, ಚಲಾವಣೆಯಾದ ಮತಗಳಲ್ಲಿ ಶೇ. 70 ದಾಟಿದರೂ ನಿರ್ಣಯ ಬಿತ್ತು. ಇದನ್ನು ಎಣಿಕೆಗೆ ಮುಂಚೆಯೇ ಓದಿ ಹೇಳದಿದ್ದರೆ ಜಗಳ ಅಲ್ಲೇ ಶುರು.

ಕಟ್ಟಡದ ಪ್ರಶ್ನೆಯೂ ಇದೆ. ಬೇರೊಂದು ಲುಥರನ್ ಸಂಘಟನೆಗೆ ಸೇರಿದರೆ ಆಸ್ತಿ ಸಾಮಾನ್ಯವಾಗಿ ಸಭೆಯದೇ. ಆದರೆ ಇಎಲ್‌ಸಿಎ ಹುಟ್ಟಿದ 1988ರ ವಿಲೀನಕ್ಕೆ ಮುಂಚೆ ಎಲ್‌ಸಿಎಯಲ್ಲಿ (ಲುಥರನ್ ಚರ್ಚ್ ಇನ್ ಅಮೆರಿಕ) ಇದ್ದ ಸಭೆಗಳಿಗೆ ಸಿನಡ್ ಕೌನ್ಸಿಲಿನ ಒಪ್ಪಿಗೆಯೂ ಬೇಕು. ಸಭೆಯ ಹಳೆಯ ದಾಖಲೆ ತೆರೆದು ನೋಡದೆ ಹೊರಟವರು ಇಲ್ಲೇ ಸಿಕ್ಕಿಬೀಳುತ್ತಾರೆ.

ತೋಟದಮನೆ:
ಹಳೇ_ಕಡತ ಅವರೇ, ನೀವು ಹೇಳಿದ್ದು ಸರಿ, ಆದರೆ ಅರ್ಧ. ನೂರಾರು ಸಭೆಗಳು ಹೋದವು. ಅವು ಸೇರಿಕೊಂಡ ಲುಥರನ್ ಸಂಘಟನೆಗಳಲ್ಲಿ ಎಲ್‌ಸಿಎಂಸಿ 2001ರಿಂದಲೇ ಇತ್ತು, 2010ರ ಆಗಸ್ಟಿನಲ್ಲಿ ಎನ್‌ಎಎಲ್‌ಸಿ (ನಾರ್ತ್ ಅಮೆರಿಕನ್ ಲುಥರನ್ ಚರ್ಚ್) ಹುಟ್ಟಿತು. ಹೋದವರ ವಾದ ತಳ್ಳಿಹಾಕುವಂಥದ್ದಲ್ಲ. ಲುಥರನ್ನರ ಮೂಲ ನಂಬಿಕೆಯ ದಾಖಲೆಯಾದ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ 7ನೇ ಕಲಮು, ಸುವಾರ್ತೆಯ ಬೋಧನೆಯಲ್ಲೂ ಸಂಸ್ಕಾರಗಳ ಆಚರಣೆಯಲ್ಲೂ ಒಮ್ಮತವಿದ್ದರೆ ಐಕ್ಯಕ್ಕೆ ಅಷ್ಟು ಸಾಕು ಎನ್ನುತ್ತದೆ. ಉಳಿದವರು ಈ ವಿವಾದ ಆ ‘ಸಾಕು’ ಎಂಬುದರ ಹೊರಗಿದೆ ಎಂದರು. ಹೋದವರು, ಇಲ್ಲ, ದೇವರ ವಾಕ್ಯದ ಅಧಿಕಾರವೇ ಪ್ರಶ್ನೆಯಾಗಿದೆ, ಹಾಗಾಗಿ ಒಳಗೇ ಇದೆ ಎಂದರು. ಗೆರೆ ಎಲ್ಲಿ ಎಂಬುದೇ ತೀರ್ಮಾನವಾಗದೆ ಗೌರವದ ಮಾತಿನ ಮೇಲೆ ಎಷ್ಟು ದಿನ ನಿಲ್ಲಬಹುದು? 2022ರಲ್ಲಿ ಕೊಲಂಬಸ್‌ನ ಇಎಲ್‌ಸಿಎ ಮಹಾಸಭೆ 2009ರ ಹೇಳಿಕೆಯ ಮರುಪರಿಶೀಲನೆಗೆ ಒಪ್ಪಿದಾಗ, ಒಳಗೇ ಉಳಿದಿದ್ದ ಸಂಪ್ರದಾಯನಿಷ್ಠರಿಗೆ ಕೊಟ್ಟ ಮಾತು ತಮ್ಮ ಕಾಲಬುಡದಲ್ಲೇ ಅಲುಗಿದಂತಾಯಿತು. ಅವರ ಆತಂಕವನ್ನು ಹಗುರವಾಗಿ ನೋಡಬಾರದು.

ಓದುಗ_ಮಂಗಳೂರು:
ಧನ್ಯವಾದ. ಆ 90 ದಿನದಲ್ಲಿ ಏನು ಮಾಡಿದರೆ ಉಪಯೋಗ?

ನಿಯಮಾವಳಿ:
ತೋಟದಮನೆಯವರ ಮಾತು ಒಪ್ಪುತ್ತೇನೆ. ನಿಯಮ ಗೆರೆ ಎಳೆಯುವುದಿಲ್ಲ, ಆತುರವನ್ನು ತಡೆಯುತ್ತದೆ ಅಷ್ಟೆ. 90 ದಿನವನ್ನು ಮತ ಎಣಿಸುವುದರಲ್ಲಿ ಕಳೆದರೆ ಎರಡು ಗುಂಪು ಗಟ್ಟಿಯಾಗುತ್ತವೆ. ಬಿಷಪ್ಪರನ್ನು ಆರಾಧನೆಯ ನಂತರ ಎಲ್ಲರೆದುರು ಭಾಷಣಕ್ಕೆ ನಿಲ್ಲಿಸುವ ಬದಲು ಹತ್ತು ಹನ್ನೆರಡು ಜನರ ಗುಂಪುಗಳಲ್ಲಿ ಕೂರಿಸಿ, ಅಲ್ಲಿ ಮೌನವಾಗಿರುವವರೂ ಬಾಯಿ ಬಿಡುತ್ತಾರೆ. ಮತದಾರರ ಪಟ್ಟಿಯನ್ನು ಎರಡೂ ಕಡೆಯವರು ಕೂತು ಮೊದಲೇ ಒಪ್ಪಿಕೊಳ್ಳಲಿ. ವರ್ಷಗಳಿಂದ ಬಾರದವರನ್ನು ಆ ಒಂದು ದಿನಕ್ಕೆ ಕರೆತಂದರು ಎಂಬ ದೂರು ಮತದ ಫಲಿತಾಂಶಕ್ಕಿಂತ ಹೆಚ್ಚು ಕಾಲ ಬದುಕುತ್ತದೆ. ಚೀಟಿಯ ಮೇಲೆ ನಿರ್ಣಯದ ಪೂರ್ಣ ಪಾಠ ಅಚ್ಚಾಗಿರಲಿ. ಆ ಮೂರು ತಿಂಗಳೂ ಕರ್ತನ ಭೋಜನ ಒಂದೇ ಮೇಜಿನಿಂದ ನಡೆಯಲಿ, ಎರಡು ಹೊತ್ತಿನ ಆರಾಧನೆಗೆ ಎರಡು ಗುಂಪು ಹಂಚಿಹೋಗಲು ಬಿಡಬೇಡಿ.